ಅಪ್ಪೆಮಿಡಿಯ ಬಗ್ಗೆ ಬರೆದು ಬಳಗ ಕಟ್ಟುವುದು ಹೇಗೆ?

2021ರ ಮಧ್ಯಭಾಗ. ಕೊರೊನಾ ಎರಡನೇ ಅಲೆ, ಲಾಕ್‌ಡೌನ್, ಬಾಳೆಗೊನೆ ಕೇಳುವವರಿಲ್ಲ. ಅದೇ ಹೊತ್ತಿಗೆ ಕರ್ನಾಟಕದ ಹಲವು ಕೃಷಿಕರ ಮನೆಗಳಲ್ಲಿ ಬಾಳೆಕಾಯಿ ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಕೆಲಸ ಶುರುವಾಯಿತು. ಅದಕ್ಕೆ ‘ಬಾಕಾಹು’ ಎಂದು ಹೆಸರು ಬಿತ್ತು. ಬಾಳೆಕಾಯಿ ಹುಡಿಯ ಚುಟುಕು ರೂಪ ಅದು. ಒಬ್ಬರ ಮನೆಯ ರೊಟ್ಟಿಯ ಫೋಟೊ ಇನ್ನೊಬ್ಬರ ಮೊಬೈಲಿಗೆ ಹೋಗಿ, ಅಲ್ಲಿಂದ ದೋಸೆಯಾಗಿ ಮರಳುತ್ತಿತ್ತು. ಇದರ ಬೆನ್ನಿಗೆ ದೊಡ್ಡ ಕಂಪನಿಯಾಗಲಿ ಜಾಹೀರಾತಾಗಲಿ ಇರಲಿಲ್ಲ. ಕೃಷಿ ಪತ್ರಕರ್ತ ಶ್ರೀ ಪಡ್ರೆ, ಅವರು ಸಂಪಾದಕರಾಗಿರುವ ‘ಅಡಿಕೆ ಪತ್ರಿಕೆ’ ಮತ್ತು ಕೃಷಿಕರ ವಾಟ್ಸಾಪ್ ಗುಂಪುಗಳು ಇದ್ದವು.

ಬಾಳೆಕಾಯಿ ಹುಡಿಯಂಥ ಸಣ್ಣ ವಿಷಯದ ಸುತ್ತ ಪರಸ್ಪರ ಮುಖ ನೋಡದ ಜನ ಒಟ್ಟಾದದ್ದು ಹೇಗೆ? ಈ ಪ್ರಶ್ನೆ ಈಗ ಪತ್ರಕರ್ತರಿಗೆ ಮಾತ್ರ ಸೇರಿದ್ದಲ್ಲ. ನಾಟಿ ಭತ್ತದ ತಳಿ ಉಳಿಸಿದವರು, ಊರ ಶಾಸನ ಓದಲು ಕಲಿತವರು, ಹಳೆಯ ರೇಡಿಯೊ ರಿಪೇರಿ ಮಾಡುವವರು, ಹೀಗೆ ಒಂದೊಂದು ಸಣ್ಣ ವಿಷಯ ಬಲ್ಲವರ ಕೈಗೆಲ್ಲ ಮೊಬೈಲ್ ಬಂದಿದೆ, ಕನ್ನಡದಲ್ಲಿ ಟೈಪ್ ಮಾಡುವುದೂ ಸಲೀಸಾಗಿದೆ. ಬರೆಯುವವರು ಹೆಚ್ಚಿದ್ದಾರೆ, ಗುಂಪುಗಳೂ ಹೆಚ್ಚಿವೆ. ಆದರೆ ಎಷ್ಟೋ ಗುಂಪುಗಳು ಮೂರ‍್ನಾಲ್ಕು ತಿಂಗಳಲ್ಲಿ ‘ಶುಭೋದಯ’ದ ಚಿತ್ರಗಳಿಗೆ ಮೀಸಲಾಗಿಬಿಡುತ್ತವೆ. ಕೆಲವು ಮಾತ್ರ ಉಳಿದು ಬೆಳೆಯುತ್ತವೆ. ವ್ಯತ್ಯಾಸ ಎಲ್ಲಿದೆ ಎಂದು ಬುಡದಿಂದ ನೋಡೋಣ.

ಫಾಲೋವರ್ ಬೇರೆ, ಬಳಗ ಬೇರೆ

ಒಬ್ಬ ನಟನಿಗೆ ಹತ್ತು ಲಕ್ಷ ಫಾಲೋವರ್‌ಗಳಿದ್ದರೂ ಅದನ್ನು ಬಳಗ ಎನ್ನಲಾಗದು. ಭಾಷಣದ ಸಭೆಯನ್ನೂ ಮದುವೆ ಮನೆಯನ್ನೂ ನೆನಪಿಸಿಕೊಳ್ಳಿ. ಸಭೆಯಲ್ಲಿ ಕುರ್ಚಿಗಳೆಲ್ಲ ವೇದಿಕೆಯ ಕಡೆಗೇ ತಿರುಗಿರುತ್ತವೆ. ಭಾಷಣಕಾರರು ಹೊರಟರೆ ಜನವೂ ಎದ್ದರು. ಮದುವೆ ಮನೆಯಲ್ಲಿ ಕರೆದವರು ಒಬ್ಬರೇ ಆದರೂ ಬಂದವರು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ, ಅಲ್ಲೇ ಇನ್ನೊಂದು ಸಂಬಂಧ ಕುದುರಿದರೂ ಕುದುರಿತು.

ಇದನ್ನೇ ಲೆಕ್ಕದಲ್ಲಿ ಹೇಳಬಹುದು. ಹತ್ತು ಓದುಗರಿದ್ದರೆ ಬರಹಗಾರರಿಗೂ ಅವರಿಗೂ ನಡುವೆ ಹತ್ತು ಎಳೆಗಳು. ಆ ಹತ್ತೂ ಜನ ಒಬ್ಬರಿಗೊಬ್ಬರು ಮಾತಾಡತೊಡಗಿದರೆ ಅವರ ನಡುವೆಯೇ 45 ಎಳೆಗಳು ಸಾಧ್ಯ. ನೂರು ಓದುಗರಾದರೆ 4,950. ಅಷ್ಟೂ ಎಳೆ ಯಾವತ್ತೂ ಕೂಡಿಬರುವುದಿಲ್ಲ, ಆ ಮಾತು ಬೇರೆ. ಆದರೆ ಬರಹಗಾರರು ಒಬ್ಬರೇ ಕೂತು ಎಷ್ಟು ಜನಕ್ಕೆ ಉತ್ತರ ಕೊಟ್ಟಾರು? ಓದುಗರ ನಡುವಿನ ಎಳೆಗಳಲ್ಲಿ ಸ್ವಲ್ಪ ಪಾಲು ಹುಟ್ಟಿದರೂ ಬಳಗ ಬರಹಗಾರರ ಬಿಡುವನ್ನು ಕಾಯದೆ ನಡೆಯುತ್ತದೆ. ಮುಂದೆ ಹೇಳುವ ಸಂಗತಿಗಳೆಲ್ಲ ಈ ಎಳೆಗಳು ಹೇಗೆ ಹುಟ್ಟುತ್ತವೆ ಎಂಬುದರ ಸುತ್ತಲಿನವೇ.

ವಿಷಯ ಚಿಕ್ಕದಾದಷ್ಟೂ ಜನ ಸಿಗುವುದೇಕೆ?

ಮಲೆನಾಡಿನ ಅಪ್ಪೆಮಿಡಿಯನ್ನೇ ತೆಗೆದುಕೊಳ್ಳೋಣ. ಉಪ್ಪಿನಕಾಯಿಗೆ ಹೆಸರಾದ ಮಾವಿನ ಮಿಡಿ ಅದು. ಶರಾವತಿ, ಅಘನಾಶಿನಿ, ವರದಾ ನದಿಗಳ ದಂಡೆಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಮರಗಳ ಕಾಯಿ. ಆ ನೆಲದ್ದೇ ವಿಶೇಷ ಎಂದು ಗುರುತಿಸುವ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆಯೂ ಇದೆ. ಮಿಡಿ ತಿನ್ನುವವರು ಲಕ್ಷಾಂತರ ಜನ. ಆದರೆ ಯಾವ ಮರದ ಮಿಡಿಗೆ ಜೀರಿಗೆಯ ಪರಿಮಳ, ಯಾವುದಕ್ಕೆ ಕರ್ಪೂರದ್ದು, ಯಾವುದು ವರ್ಷಗಟ್ಟಲೆ ಭರಣಿಯಲ್ಲಿ ಮೆತ್ತಗಾಗದೆ ಉಳಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರು ಎಷ್ಟಿದ್ದಾರು? ಹತ್ತು ಸಾವಿರಕ್ಕೆ ಒಬ್ಬರು ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾವಿರ ಜನರ ಪಟ್ಟಣದಲ್ಲಿ ಇಬ್ಬರು ಸಿಕ್ಕರು. ಅವರಿಬ್ಬರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆದರೆ 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಅದೇ ಲೆಕ್ಕ ಹಿಡಿದರೆ ನಾಲ್ಕು ಸಾವಿರ ದಾಟಿತು. ಊರಲ್ಲಿದ್ದಾಗ ಒಂಟಿ ಹುಚ್ಚು ಎನಿಸಿಕೊಂಡದ್ದು ಇಂಟರ್ನೆಟ್ಟಿನಲ್ಲಿ ಒಂದು ಹಳ್ಳಿಯಷ್ಟು ಜನರ ಆಸಕ್ತಿ ಆಗಿಬಿಡುತ್ತದೆ.

ಹಾಗಾದರೆ ‘ಮಾವು’ ಎಂಬ ದೊಡ್ಡ ವಿಷಯದ ಬಗ್ಗೆಯೇ ಬರೆದರೆ ಇನ್ನೂ ಹೆಚ್ಚು ಜನ ಬರಬೇಕಲ್ಲವೇ? ಓದಲು ಬರುತ್ತಾರೆ, ಉಳಿಯುವುದು ಕಷ್ಟ. ಮಾವಿನ ಬಗ್ಗೆ ಸಾವಿರಾರು ಬರಹ, ವಿಡಿಯೊ ಈಗಾಗಲೇ ಇವೆ; ಅವುಗಳ ನಡುವೆ ಇನ್ನೊಂದನ್ನು ಯಾರೂ ಹುಡುಕುವುದಿಲ್ಲ. ‘ಮಿಡಿ ಉಪ್ಪಿನಲ್ಲಿ ಹಾಕಿದ ಮೇಲೆ ಮೆತ್ತಗಾಗುವುದು ಯಾಕೆ’ ಎಂದು ಹುಡುಕುವವರಿಗೆ ಉತ್ತರವಿರುವ ಪುಟಗಳು ಬೆರಳೆಣಿಕೆಯಷ್ಟು. ಅಂಥ ಪುಟಕ್ಕೆ ಬಂದವರು ತಮ್ಮ ಮನೆಯ ಭರಣಿಯ ಚಿಂತೆ ಹೊತ್ತೇ ಬಂದಿರುತ್ತಾರೆ. ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಹುಡುಕಿದರೆ ಸಿಗಬೇಕಾದರೆ ಬರಹ ಯೂನಿಕೋಡ್‌ನಲ್ಲಿರಬೇಕು. ಯೂನಿಕೋಡ್ ಎಂದರೆ ಜಗತ್ತಿನ ಬಹುತೇಕ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುವ ಪದ್ಧತಿ. ಮೊಬೈಲಿನಲ್ಲಿ ನಾವು ಒತ್ತುವ ಕನ್ನಡ ಅಕ್ಷರಗಳು ಆ ಪದ್ಧತಿಯವೇ. ಹಳೆಯ ಫಾಂಟ್‌ಗಳಲ್ಲಿ ಕೂಡಿಸಿದ ಕನ್ನಡ ಪುಟಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬರಹವನ್ನು ಹೂವಿನ ಹಿನ್ನೆಲೆಯ ಚಿತ್ರವಾಗಿಸಿ ಹಂಚಿದರೂ ಗತಿ ಹೆಚ್ಚುಕಡಿಮೆ ಅದೇ. ಚೆನ್ನಾಗಿ ಕಾಣುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಕನ್ನಡದ ಎಷ್ಟೋ ಒಳ್ಳೆಯ ಮಾಹಿತಿ ಹೀಗೆ ಚಿತ್ರಗಳೊಳಗೆ ಸಿಕ್ಕಿಕೊಂಡಿದೆ.

ಎಂಥ ಬರಹಕ್ಕೆ ಉತ್ತರ ಬರುತ್ತದೆ?

‘ಅಪ್ಪೆಮಿಡಿ ಉಪ್ಪಿನಕಾಯಿಯ ರುಚಿಗೆ ಸಾಟಿಯಿಲ್ಲ. ನಮ್ಮ ಹಿರಿಯರ ಜಾಣ್ಮೆ ದೊಡ್ಡದು.’ ಈ ಮಾತಿಗೆ ಓದುಗರು ಏನು ಮಾಡಬಹುದು? ಒಂದು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ. ಮುಗಿಯಿತು.

ಈಗ ಇನ್ನೊಂದು ಬಗೆ: ‘ಹೊಳೆಯಂಚಿನ ಈ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತದೆ. ಮಿಡಿ ಉದ್ದ, ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಜೀರಿಗೆಯ ವಾಸನೆ ಇದೆ. ಉಪ್ಪಿನಲ್ಲಿ ಚಿರುಟಿದ ಮೇಲೂ ವಾಸನೆ ಉಳಿಯಿತು. ಆದರೆ ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಗಾಯಿತು. ಕಾರಣ ಮರದ್ದೋ, ಉಪ್ಪಿನದ್ದೋ ತಿಳಿಯಲಿಲ್ಲ.’

ಎರಡನೆಯದಕ್ಕೆ ಉತ್ತರ ಬಂದೇ ಬರುತ್ತದೆ. ‘ನಮ್ಮಲ್ಲೂ ಇಂಥದ್ದೊಂದು ಮರ ಉಂಟು ಮಾರಾಯ್ರೆ, ನಮ್ಮದು ಮೂರು ವರ್ಷ ಇಟ್ಟರೂ ಕರುಂ ಅಂತದೆ’ ಎಂದು ಒಬ್ಬರು. ಮಿಡಿಯನ್ನು ಕೊಕ್ಕೆಯಿಂದ ಎಳೆದು ನೆಲಕ್ಕೆ ಬೀಳಿಸಿದ್ದೀರೋ, ತೊಟ್ಟು ಸಮೇತ ಕೈಯಲ್ಲಿ ಕೊಯ್ದದ್ದೋ ಎಂದು ಇನ್ನೊಬ್ಬರು. ಈ ಪ್ರಶ್ನೆ ಸಣ್ಣದಲ್ಲ: ಪೆಟ್ಟು ಬಿದ್ದ ಮಿಡಿ ಒಂದಿದ್ದರೂ ಭರಣಿಯೇ ಕೆಡಬಹುದು. ಮೂರನೆಯವರು ಇದು ‘ಅನಂತಭಟ್ಟನ ಅಪ್ಪೆ’ಯ ಲಕ್ಷಣ ಎಂದರೆ, ನಾಲ್ಕನೆಯವರು ಅಲ್ಲವೇ ಅಲ್ಲ, ಅದರ ಮಿಡಿ ಹೀಗಿರುವುದಿಲ್ಲ ಎನ್ನುತ್ತಾರೆ. ಐದನೆಯವರಿಗೆ ಕಸಿಕಡ್ಡಿ ಬೇಕು. ಗಮನಿಸಿ, ಮೂರನೆಯವರೂ ನಾಲ್ಕನೆಯವರೂ ಮಾತಾಡುತ್ತಿರುವುದು ಬರಹಗಾರರ ಜೊತೆಗಲ್ಲ. ಎಳೆ ಹುಟ್ಟಿತು.

ಮೇಲಿನದು ಉದಾಹರಣೆಗೆಂದು ಹೆಣೆದ ಸಂಭಾಷಣೆ. ಆದರೆ ಅದರೊಳಗಿನ ಕೆಲಸ ನಿಜದ್ದು. ಆ ಬರಹ ಅನುಭವವನ್ನು ಅಳೆಯಬಹುದಾದ, ಹೋಲಿಸಬಹುದಾದ ತುಂಡುಗಳಾಗಿ ಒಡೆದು ಇಡುತ್ತದೆ. ಆಕಾರ, ಸೊನೆ, ವಾಸನೆ, ಉಳಿದ ಕಾಲ. ಓದುಗರು ತಮ್ಮ ಮರವನ್ನು ಪಕ್ಕದಲ್ಲಿಟ್ಟು ನೋಡಬಹುದು. ಜೊತೆಗೆ ಅದು ಒಂದು ತೂತನ್ನು ಮುಚ್ಚದೆ ಬಿಟ್ಟಿದೆ. ಎಲ್ಲವನ್ನೂ ತಾನೇ ಹೇಳಿ ಮುಗಿಸಿದ ಬರಹ ಚೆಂದವಿರಬಹುದು, ಆದರೆ ಅದರಲ್ಲಿ ಓದುಗರಿಗೆ ಮಾಡಲು ಕೆಲಸ ಉಳಿದಿರುವುದಿಲ್ಲ. ಹಾಗೆಂದು ಗೊತ್ತಿದ್ದನ್ನು ಬೇಕೆಂದೇ ಬಚ್ಚಿಟ್ಟು ‘ಕಮೆಂಟಲ್ಲಿ ಹೇಳಿ’ ಎನ್ನುವ ಉಪಾಯವನ್ನು ಜನ ಎರಡೇ ಸಲಕ್ಕೆ ಕಂಡುಹಿಡಿಯುತ್ತಾರೆ. ಪ್ರಶ್ನೆ ನಿಜವಾಗಿಯೂ ಪ್ರಶ್ನೆಯಾಗಿರಬೇಕು.

ಬಾಕಾಹುವಿನಲ್ಲಿ ಈ ಗುಣ ಸಹಜವಾಗಿಯೇ ಇತ್ತು. ಯಾವ ತಳಿಯ ಕಾಯಿ ಒಳ್ಳೆಯದು, ಹೋಳು ಕಪ್ಪಾಗದಂತೆ ಏನು ಮಾಡಬೇಕು, ಮೋಡ ಕವಿದ ದಿನ ಒಣಗಿಸುವುದು ಹೇಗೆ, ಮಿಕ್ಸಿ ಸಾಕೋ ಗಿರಣಿಗೇ ಹೋಗಬೇಕೋ? ಇಂಥವಕ್ಕೆ ಒಬ್ಬ ತಜ್ಞರ ಒಂದೇ ಉತ್ತರ ಇರುವುದಿಲ್ಲ. ತುಮಕೂರಿನ ಬಿಸಿಲು ಬೇರೆ, ಮಳೆಗಾಲದ ಕರಾವಳಿ ಬೇರೆ. ಪ್ರತಿ ಅಡುಗೆಮನೆಯೂ ಒಂದು ಪ್ರಯೋಗ, ಪ್ರತಿ ಪ್ರಯೋಗಕ್ಕೂ ಫೋಟೊ.

ಲೇಖನದ ಕೊನೆಯ ಫೋನ್ ನಂಬರು

ಬಾಕಾಹು ಏಕಾಏಕಿ ಹುಟ್ಟಿದ್ದಲ್ಲ. ಅದರ ಹಿಂದೆ ಮೂರು ದಶಕಗಳ ಅಭ್ಯಾಸವಿತ್ತು. ‘ಅಡಿಕೆ ಪತ್ರಿಕೆ’ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಶುರುವಾದದ್ದು 1988ರಲ್ಲಿ. ಕೃಷಿಕರಿಂದ, ಕೃಷಿಕರಿಗಾಗಿ ನಡೆಯುವ ಪತ್ರಿಕೆ ಅದು. ‘ಕೃಷಿಕರ ಕೈಗೆ ಲೇಖನಿ’ ಎಂಬ ಹೆಸರಿನಲ್ಲಿ ಶಿಬಿರಗಳನ್ನು ನಡೆಸಿ, ತೋಟದಲ್ಲಿ ದುಡಿಯುವವರಿಗೇ ಬರೆಯಲು ಕಲಿಸಿದರು. ಇಂಟರ್ನೆಟ್ ಎಂಬ ಶಬ್ದವೇ ಹಳ್ಳಿಗೆ ಬಾರದ ಕಾಲ.

ತಮ್ಮ ಕ್ಷೇತ್ರದಲ್ಲಿ ತಾವೊಬ್ಬರೇ ಬರೆಯುತ್ತಿರಬೇಕು ಎಂದು ಬಯಸುವ ಬರಹಗಾರರು ಓದುಗರಿಗೆ ಪೆನ್ನು ಕೊಡುವುದಿಲ್ಲ. ಇವರು ಕೊಟ್ಟರು. ಮರುವರ್ಷಗಳಲ್ಲಿ ಓದುಗರ ಪೈಕಿಯೇ ಬರೆಯುವವರು ಹುಟ್ಟಿದರು.

ಕನ್ನಡದ ಕೃಷಿ ಬರಹಗಳಲ್ಲಿ ಇನ್ನೊಂದು ರೂಢಿಯಿದೆ, ನೋಡಲು ತೀರಾ ಸಾಮಾನ್ಯ. ಲೇಖನ ಯಾವ ಕೃಷಿಕರ ಬಗ್ಗೆ ಇದೆಯೋ ಅವರ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಕೊನೆಯಲ್ಲಿ ಕೊಡುತ್ತಾರೆ. ಓದುಗರಿಗೆ ಸಂದೇಹ ಬಂದರೆ ಪತ್ರಕರ್ತರನ್ನು ದಾಟಿ ನೇರವಾಗಿ ಆ ಕೃಷಿಕರಿಗೇ ಕರೆ ಹೋಗುತ್ತದೆ. ಫೋನಿನಲ್ಲಿ ಶುರುವಾದ ಮಾತು ತೋಟದ ಭೇಟಿಯಾಗಿ, ಅಲ್ಲಿಂದ ಗಿಡವೋ ಬೀಜವೋ ಕೈ ಬದಲಾಗಿ ಮುಗಿಯುತ್ತದೆ. ಬರಹಗಾರರಿಗೆ ಅದರ ಸುದ್ದಿ ಮುಟ್ಟಲೂಬಹುದು, ಮುಟ್ಟದೆಯೂ ಇರಬಹುದು. ಆನ್‌ಲೈನ್ ಬಳಗ ಕಟ್ಟುವವರಿಗೆ ಇದಕ್ಕಿಂತ ಸ್ಪಷ್ಟ ಮಾದರಿ ಬೇಕಿಲ್ಲ ಎಂದು ನನಗನ್ನಿಸುತ್ತದೆ: ಓದುಗರನ್ನು ತನ್ನ ಬಳಿಯೇ ಕಟ್ಟಿಹಾಕದೆ ಮುಂದಿನವರ ಕಡೆಗೆ ದಾಟಿಸುವುದು. ಸೋಷಿಯಲ್ ಮೀಡಿಯಾದಲ್ಲಿ ಅದರ ರೂಪ ಬೇರೆ. ‘ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಇವರು’ ಎಂದು ಒಬ್ಬರನ್ನು ಟ್ಯಾಗ್ ಮಾಡುವುದು, ಓದುಗರ ಉತ್ತರವನ್ನು ಅವರ ಹೆಸರು ಹಾಕಿ ಮುಂದಿನ ಬರಹದಲ್ಲಿ ಬಳಸುವುದು, ಹೊಸಬರ ಪ್ರಶ್ನೆಗೆ ತಾವೇ ಮೊದಲು ಉತ್ತರಿಸದೆ ಅರ್ಧ ದಿನ ಸುಮ್ಮನಿರುವುದು.

ಕೊನೆಯದು ಬಹಳ ಜನರಿಗೆ ಕಷ್ಟ. ಗೊತ್ತಿದ್ದೂ ಸುಮ್ಮನಿರುವುದು ಎಂದರೆ!

ಎಲ್ಲರೂ ಒಂದೇ ನಮೂನೆಯಲ್ಲಿ ಬರೆದಾಗ

ಬಳಗ ದೊಡ್ಡದಾದಂತೆ ಹೊಸ ತೊಂದರೆ ತಲೆದೋರುತ್ತದೆ. ನೂರು ಜನ ನೂರು ಬಗೆಯಲ್ಲಿ ಬರೆದರೆ ಅದನ್ನು ಒಟ್ಟುಗೂಡಿಸುವುದು ಹೇಗೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ಹಕ್ಕಿ ನೋಡುವವರು.

ಭಾರತದಲ್ಲಿ ಈ ಬಳಗದ ಕಥೆ ಇಂಟರ್ನೆಟ್ಟಿಗಿಂತ ಹಳೆಯದು. 1960ರ ಹೊತ್ತಿಗೆ ಜಾಫರ್ ಫತೇಹಲ್ಲಿ ಎಂಬ ಪಕ್ಷಿಪ್ರೇಮಿ ಹಕ್ಕಿ ವೀಕ್ಷಕರಿಗೆಂದೇ ಒಂದು ಪುಟ್ಟ ಪತ್ರಿಕೆ ಆರಂಭಿಸಿದರು. ವಿಜ್ಞಾನಿಗಳಲ್ಲದವರೂ ತಾವು ಕಂಡದ್ದನ್ನು ಅದಕ್ಕೆ ಬರೆದು ಕಳಿಸುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ಬೈನಾಕ್ಯುಲರ್ ಹಿಡಿದು ಅಡ್ಡಾಡುತ್ತಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂದು ತಿಳಿಯಿತು. ಫತೇಹಲ್ಲಿಯವರು ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು. ಇಲ್ಲಿನ ಹಕ್ಕಿ ವೀಕ್ಷಕರ ಕೂಟಕ್ಕೂ ಅವರ ನಂಟಿತ್ತು.

ಪತ್ರ ಬರೆದು ಕಳಿಸುವ ಕಾಲದ ತೊಡಕು ಏನೆಂದರೆ, ಜನ ಅಪರೂಪದ್ದನ್ನು ಮಾತ್ರ ಬರೆಯುತ್ತಿದ್ದರು. ಕಾಗೆ, ಗುಬ್ಬಿಯ ಬಗ್ಗೆ ಯಾರು ಬರೆಯುತ್ತಾರೆ? 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ ಶುರು ಮಾಡಿದ ‘ಈಬರ್ಡ್’ ಈ ತೊಡಕನ್ನು ಒಂದು ಸರಳ ನಮೂನೆಯಿಂದ ಬಿಡಿಸಿತು. ಎಲ್ಲಿ, ಯಾವಾಗ, ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟು ಕಂಡಿರಿ. ಕೊನೆಗೆ ಒಂದು ಪ್ರಶ್ನೆ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಈ ಪ್ರಶ್ನೆಗೆ ‘ಹೌದು’ ಎಂದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ, ಏಕೆಂದರೆ ಅದು ಅಲ್ಲಿ ಕಾಣಲಿಲ್ಲ ಎಂದು ಅರ್ಥ. ಅನುಮಾನ ಬರುವ ದಾಖಲೆಯನ್ನು ಆಯಾ ಪ್ರದೇಶ ಬಲ್ಲ ಸ್ವಯಂಸೇವಕರು ಪರಿಶೀಲಿಸಿ, ಬರೆದವರನ್ನೇ ಕೇಳುತ್ತಾರೆ: ಫೋಟೊ ಇದೆಯೇ, ರೆಕ್ಕೆಯ ಬಣ್ಣ ಹೇಗಿತ್ತು? ಇಲ್ಲೂ ಎಳೆ ಹುಟ್ಟುತ್ತದೆ, ಅದೂ ಕಲಿತವರ ಮತ್ತು ಕಲಿಯುವವರ ನಡುವೆ.

ಫಲ ಎಷ್ಟು ದೊಡ್ಡದು ಎಂಬುದಕ್ಕೆ ಒಂದೇ ಲೆಕ್ಕ ಸಾಕು. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಹೊರಬಂದ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರ 30 ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ವಿವರಗಳು. ಯಾರೂ ಸಂಬಳಕ್ಕೆ ಮಾಡಿದ್ದಲ್ಲ. ಮೈಸೂರಿನ ವೀಕ್ಷಕರು 2014ರಲ್ಲಿ ತಮ್ಮ ನಗರದ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಹೋಗಿ ಹಕ್ಕಿ ಎಣಿಸುವ ನಗರ ಹಕ್ಕಿ ಅಟ್ಲಾಸ್ ಕೆಲಸಕ್ಕೆ ಕೈಹಾಕಿದರು. ತಮಿಳುನಾಡಿನಲ್ಲಿ ಪೊಂಗಲ್ ಹೊತ್ತಿಗೆ, ಕೇರಳದಲ್ಲಿ ಓಣಂ ಹೊತ್ತಿಗೆ ಹಕ್ಕಿ ಎಣಿಕೆ ನಡೆಯುತ್ತದೆ. ಗೊತ್ತಾದ ದಿನ, ಗೊತ್ತಾದ ಚೌಕ ಇದ್ದರೆ ‘ಯಾವತ್ತಾದರೂ ಮಾಡೋಣ’ ಎನ್ನುವವರೂ ಆ ದಿನ ಹೊರಡುತ್ತಾರೆ.

ಅಪ್ಪೆಮಿಡಿಯವರೂ ಇದನ್ನು ಮಾಡಬಹುದು. ತಾಲ್ಲೂಕು, ಮರದ ಅಂದಾಜು ವಯಸ್ಸು, ಮಿಡಿ ಬರುವ ತಿಂಗಳು, ವಾಸನೆ, ಭರಣಿಯಲ್ಲಿ ಉಳಿದ ಕಾಲ. ಐದೇ ಸಾಲು. ಇನ್ನೂರು ಜನ ಬರೆದರೆ ಯಾವ ಪುಸ್ತಕದಲ್ಲೂ ಇಲ್ಲದ ಪಟ್ಟಿ ಸಿದ್ಧ.

ಒಬ್ಬರೇ ಸಾಲದು ಎನ್ನುವ ನಿಯಮ

ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ತೆರೆಯಿತು. ಅದಕ್ಕೂ ಮೊದಲು ಅದು ಹಲವು ವರ್ಷ ‘ಇನ್‌ಕ್ಯುಬೇಟರ್’ ಎಂಬ ತಾಣದಲ್ಲಿತ್ತು. ಹೊಸ ಭಾಷೆಯೊಂದು ಸ್ವಂತ ವಿಕಿಪೀಡಿಯ ಪಡೆಯುವ ಮುನ್ನ ಅಲ್ಲಿ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯಲ್ಲಿ ಲೇಖನಗಳ ಸಂಖ್ಯೆಗಿಂತ ಮುಖ್ಯವಾದದ್ದು ಬೇರೆ: ಒಬ್ಬರಿಗಿಂತ ಹೆಚ್ಚು ಜನ, ಸತತವಾಗಿ, ತಿಂಗಳುಗಟ್ಟಲೆ ಬರೆಯುತ್ತಿರಬೇಕು. ಒಬ್ಬರೇ ಹಗಲಿರುಳು ಕೂತು ಸಾವಿರ ಲೇಖನ ಬರೆದರೂ ಬಾಗಿಲು ತೆರೆಯುವುದಿಲ್ಲ. ಕಾರಣ ಸರಳ, ಆ ಒಬ್ಬರಿಗೆ ಬೇಸರವಾದರೆ, ಆರೋಗ್ಯ ಕೆಟ್ಟರೆ ಮುಂದೇನು?

ವಿಕಿಪೀಡಿಯದಲ್ಲಿ ಒಂದೊಂದು ಸಣ್ಣ ವಿಷಯ ಬಲ್ಲವರು ಒಟ್ಟಿಗೆ ಕೂರುವುದು ಹೀಗೆ: ಒಬ್ಬರು ಯಕ್ಷಗಾನದ ಲೇಖನದಲ್ಲಿ ಒಂದು ವೇಷದ ಹೆಸರಿಗೆ ಕೊಂಡಿ ಹಾಕುತ್ತಾರೆ. ಆ ವೇಷದ ಬಗ್ಗೆ ಲೇಖನ ಇಲ್ಲದಿದ್ದರೆ ಕೊಂಡಿ ಕೆಂಪಾಗಿ ಕಾಣುತ್ತದೆ, ಇದ್ದರೆ ನೀಲಿ. ಕೆಂಪು ಕೊಂಡಿಯನ್ನು ಒತ್ತಿದರೆ ತೆರೆಯುವುದು ಖಾಲಿ ಪುಟ, ಬರೆಯಲು ಸಿದ್ಧವಾಗಿ. ಗೊತ್ತಿದ್ದವರು ನಾಲ್ಕು ಸಾಲು ಬರೆದು ಹೋಗುತ್ತಾರೆ. ಇನ್ನೊಬ್ಬರು ಕಾಗುಣಿತ ತಿದ್ದುತ್ತಾರೆ, ಮತ್ತೊಬ್ಬರು ಫೋಟೊ ಸೇರಿಸುತ್ತಾರೆ. ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸವನ್ನು ಯಾರು ಬೇಕಾದರೂ ನೋಡಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೆಳೆದದ್ದೂ ಇದೇ ದಾರಿಯಲ್ಲಿ.

ಸುಮ್ಮನೆ ಓದುವವರ ಲೆಕ್ಕ

ಗುಂಪು ಮಾಡಿದವರ ಸಾಮಾನ್ಯ ಗೋಳು ಒಂದಿದೆ: ‘ಇನ್ನೂರು ಜನ ಇದ್ದಾರೆ, ಮಾತಾಡುವವರು ಮೂರು ಮತ್ತೊಂದು.’ ಇದು ಸೋಲಿನ ಗುರುತೇನಲ್ಲ. ವೆಬ್ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಇದನ್ನು 90–9–1 ಎಂಬ ಸೂತ್ರದಲ್ಲಿ ಹೇಳಿದರು. ಹೆಚ್ಚಿನ ಆನ್‌ಲೈನ್ ಬಳಗಗಳಲ್ಲಿ ನೂರರಲ್ಲಿ ತೊಂಬತ್ತು ಜನ ಓದಿ ಸುಮ್ಮನಿರುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಹೆಚ್ಚಿನ ಕೆಲಸ ಒಬ್ಬರದು. ಇದು ಅಂದಾಜು, ಎಲ್ಲ ಕಡೆಯೂ ಹೀಗೇ ಇರಬೇಕೆಂದಿಲ್ಲ. ಇನ್ನೂರರ ಗುಂಪಿನಲ್ಲಿ ಅಪರೂಪಕ್ಕೆ ಬರೆಯುವವರು ಹದಿನೆಂಟು, ನಿತ್ಯ ಬರೆಯುವವರು ಇಬ್ಬರು ಸಿಕ್ಕರೆ ಲೆಕ್ಕ ಸರಿಯಾಗಿಯೇ ಇದೆ ಎಂದಾಯಿತು. ಸುಮ್ಮನಿರುವವರೂ ಖಾಲಿ ಕೂತಿರುವುದಿಲ್ಲ. ಓದಿದ್ದನ್ನು ಮನೆಯಲ್ಲಿ ಮಾಡಿ ನೋಡುವವರು, ಪಕ್ಕದ ಮನೆಗೆ ಹೇಳುವವರು ಅವರಲ್ಲೇ ಇರುತ್ತಾರೆ.

ಎಡವುವ ಜಾಗಗಳು

ಮೊದಲನೆಯದು, ಹೆಚ್ಚು ಹೇಳಿಬಿಡುವುದು. ಒಳ್ಳೆಯ ಅಪ್ಪೆ ಮರ ಯಾವ ಹೊಳೆಯ ಯಾವ ತಿರುವಿನಲ್ಲಿದೆ ಎಂದು ನಕ್ಷೆ ಸಮೇತ ಹಾಕಿದರೆ ಮುಂದಿನ ಹಂಗಾಮಿಗೆ ಮಿಡಿಯ ಜೊತೆ ಟೊಂಗೆಯೂ ಹೋಗಬಹುದು. ಮಿಡಿಗೆ ಬೇಡಿಕೆ ಹೆಚ್ಚಿದಾಗ ಕೊಂಬೆಯನ್ನೇ ಕಡಿದು ಇಳಿಸುವುದು ಮಲೆನಾಡಿನವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬೇಟೆ, ಕಳ್ಳಸಾಗಣೆಯ ಅಪಾಯವಿರುವ ಹಕ್ಕಿಗಳ ನಿಖರ ಜಾಗವನ್ನು ಈಬರ್ಡ್ ಸಾರ್ವಜನಿಕರಿಗೆ ತೋರಿಸುವುದಿಲ್ಲ. ತಾಲ್ಲೂಕಿನ ಹೆಸರು ಸಾಕು, ಉಳಿದದ್ದನ್ನು ನಂಬಿಕೆಯವರಿಗೆ ಖಾಸಗಿಯಾಗಿ ಹೇಳಬಹುದು.

ಇನ್ನೊಂದು, ವ್ಯಾಪಾರ. ಗಿಡ ಮಾರುವವರು, ಉಪ್ಪಿನಕಾಯಿ ಮಾರುವವರು ಬರುವುದು ತಪ್ಪಲ್ಲ. ಅವರಿಂದಲೇ ಎಷ್ಟೋ ಮಾಹಿತಿ ಸಿಗುತ್ತದೆ. ಆದರೆ ದಿನಕ್ಕೆ ಇಪ್ಪತ್ತು ಜಾಹೀರಾತು ಬಿದ್ದರೆ ಪ್ರಶ್ನೆ ಕೇಳುವವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ವಾರಕ್ಕೊಂದು ದಿನವನ್ನು ಮಾರಾಟಕ್ಕೆಂದೇ ಬಿಟ್ಟುಕೊಡುವ ಅಡ್ಮಿನ್‌ಗಳಿದ್ದಾರೆ. ಇಂಥ ನಿಯಮವನ್ನು ಗುಂಪಿನಲ್ಲಿ ಮೂವತ್ತು ಜನ ಇರುವಾಗಲೇ ಬರೆದಿಡುವುದು ಸುಲಭ. ಜಗಳ ಶುರುವಾದ ಮೇಲೆ ಮಾಡಿದ ನಿಯಮ ಯಾರೋ ಒಬ್ಬರ ವಿರುದ್ಧವೇ ಮಾಡಿದಂತೆ ಕಾಣುತ್ತದೆ.

ಫಾರ್ವರ್ಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನೀವೇ ಮಾಡಿದ್ದು, ನೀವೇ ಕಂಡದ್ದು ಮಾತ್ರ’ ಎಂಬ ಒಂದು ಸಾಲಿನಿಂದ ಅರ್ಧ ಕಸ ಕಡಿಮೆಯಾಗುತ್ತದೆ.

ಗುಂಪು ಮುಚ್ಚಿದ ದಿನ

ಆರ್ಕುಟ್ ನೆನಪಿದೆಯೇ? 2004ರಲ್ಲಿ ಬಂದು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ. ಇವುಗಳಲ್ಲೆಲ್ಲ ಕನ್ನಡಿಗರ ಗುಂಪುಗಳಿದ್ದವು, ಚರ್ಚೆಗಳಿದ್ದವು. ಬೇರೆ ಕಡೆ ಪ್ರತಿ ಮಾಡಿಟ್ಟುಕೊಳ್ಳದವರ ಬರಹ ಅಲ್ಲಿಗೇ ಹೋಯಿತು.

ವಾಟ್ಸಾಪ್ ಈಗಿನ ಹಜಾರ. ಮಾತಿಗೆ ಬಹಳ ಒಳ್ಳೆಯದು, ಜಮಾ ಮಾಡಲು ಅಲ್ಲ. ಅಲ್ಲಿನ ಮಾತು ಗುಂಪಿನ ಹೊರಗಿನವರಿಗೆ ಹುಡುಕಿದರೆ ಸಿಗುವುದಿಲ್ಲ, ತಡವಾಗಿ ಸೇರಿದವರಿಗೆ ಹಳೆಯದು ಕಾಣುವುದೂ ಕಷ್ಟ. ಆದ್ದರಿಂದಲೇ ‘ಮಿಡಿ ಮೆತ್ತಗಾಯಿತು’ ಎಂಬ ಪ್ರಶ್ನೆ ಪ್ರತಿ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಹೊಸದಾಗಿ ಬರುತ್ತಲೇ ಇರುತ್ತದೆ.

ಬರಹ ಬಲ್ಲವರ ಕೈ ಇಲ್ಲಿ ಮತ್ತೆ ಬೇಕಾಗುತ್ತದೆ. ಇನ್ನೂರು ಸಂದೇಶಗಳಲ್ಲಿ ಚೆದುರಿದ ಚರ್ಚೆಯನ್ನು ಓದಿ, ಹುರುಳಿದ್ದನ್ನು ಆಯ್ದು, ಯಾರು ಏನು ಹೇಳಿದರು ಎಂದು ಹೆಸರು ಸಮೇತ, ಅವರ ಒಪ್ಪಿಗೆ ಪಡೆದು, ಎರಡು ಪುಟದ ಸ್ವಚ್ಛ ಬರಹ ಮಾಡುವುದು. ಒಮ್ಮತವಾಗದ ಕಡೆ ಎರಡೂ ಮಾತನ್ನು ಇಡುವುದು. ಅದನ್ನು ಯಾರು ಬೇಕಾದರೂ ಓದಬಹುದಾದ ಪುಟದಲ್ಲಿ ಯೂನಿಕೋಡ್‌ನಲ್ಲಿ ಪ್ರಕಟಿಸಿ, ಕೊಂಡಿಯನ್ನು ಗುಂಪಿನ ವಿವರಣೆಯಲ್ಲಿ ಹಾಕಿಡುವುದು. ವಿಕಿಪೀಡಿಯದವರು ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಾಕಿದರೆ, ಮೂಲ ಬರಹಗಾರರ ಹೆಸರು ಹೇಳಿ ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಿ ಬೆಳೆಸಬಹುದು. ಅಡ್ಮಿನ್ ಒಬ್ಬರೇ ಇದ್ದರೆ ಇಬ್ಬರನ್ನಾದರೂ ಸೇರಿಸಿಕೊಂಡು, ಆ ಪುಟದ ಪಾಸ್‌ವರ್ಡನ್ನು ಅವರಿಗೂ ಕೊಟ್ಟಿರಬೇಕು.